ಗ್ರಾಫೂ ನಮ್ದೇ, ಕಾರ್ಡೂ ನಮ್ದೇ!

ನಮ್ಮ ಸೋದರಮಾವನ ಪ್ರಕಾರ ಈ ಜಗತ್ತಿನಲ್ಲಿ ಇರುವುದು ಒಂದೇ ಒಂದು ಯಂತ್ರ. ಮಗ್ಗ! ಮಿಕ್ಸಿ, ಮೋಟರ್ ಸೈಕಲ್ಲು, ಸರ್ಕಾರಿ ಬಸ್ಸು, ಕೊನೆಗೆ ಮನುಷ್ಯನ ದೇಹ, ಇವೆಲ್ಲ ವೇಷ ಹಾಕಿಕೊಂಡು ತಿರುಗುತ್ತಿರುವ ಮಗ್ಗಗಳೇ ಹೊರತು ಬೇರೇನಲ್ಲ. ನಂಬುವುದಿಲ್ಲವೇ? ಒಂದು ಸಲ ಮೊಳಕಾಲ್ಮೂರಿಗೆ ಹೋಗಿ ಅವರ ಮುಂದೆ ಕೂತು ನೋಡಿ. ಮಧ್ಯಾಹ್ನದೊಳಗೆ ನಂಬಿಸಿ, ಊಟ ಹಾಕಿ ಕಳಿಸುತ್ತಾರೆ.

ಡಾಕ್ಟರು "ಬಿ.ಪಿ. ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ" ಅಂದರೆ ಇವರು ಹೊರಗೆ ಬಂದು, "ಹಾಸು ಒಂಚೂರು ಬಿಗಿಯಾಗೈತಂತೆ, ಸಡಿಲ ಬಿಡ್ಬೇಕಂತೆ" ಎಂದು ಬೀದಿಗೆಲ್ಲ ಸಾರಿದರು. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ಎಳೆಗಳು. ಉಪ್ಪಿನ ಸುದ್ದಿಯನ್ನು ಮಾತ್ರ ಜಾಣತನದಿಂದ ನುಂಗಿಬಿಟ್ಟರು. ಇನ್ನೊಂದು ಸಲ ನನ್ನ ಬೈಕಿನ ಚೈನು ಕಿರುಗುಟ್ಟುತ್ತಿತ್ತು. ನಾನು ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಮಾವ ಮಗ್ಗದ ಹಗ್ಗಕ್ಕೆ ಉಜ್ಜುವ ಹಾಗೆ ಅದಕ್ಕೆ ಉದ್ದಕ್ಕೂ ಮೇಣದ ಬತ್ತಿ ಉಜ್ಜಿ ಮುಗಿಸಿದ್ದರು. ಚಳ್ಳಕೆರೆ ದಾರಿಯ ಅಷ್ಟೂ ಧೂಳು ಆ ಮೇಣಕ್ಕೆ ಅಂಟಿಕೊಂಡಿತು. ಮಾರನೆಯ ದಿನ ಫೋನು ಬಂತು.

"ಏನಪ್ಪಾ ಅಳಿಯಾ, ಸದ್ದು ನಿಲ್ತೋ ಇಲ್ವೋ?"

"ನಿಲ್ತು ಮಾವಾ. ಬೈಕೂ ನಿಲ್ತು!"

ನಾನು ಚಳ್ಳಕೆರೆಯಲ್ಲಿ ಮೇಷ್ಟ್ರು. ಒಂದು ವರ್ಷ ಮಕ್ಕಳನ್ನು ಸಿದ್ದಾಪುರಕ್ಕೆ ಅಶೋಕನ ಶಾಸನ ತೋರಿಸಲು ಕರೆದುಕೊಂಡು ಹೋಗಿದ್ದೆ. ಹತ್ತಿರದಲ್ಲೇ ಇದ್ದಾರಲ್ಲ ಎಂದು ಮಾವನನ್ನೂ ಕರೆದೆ. ನನ್ನ ಬುದ್ಧಿಗೆ ಏನು ಹೇಳಬೇಕು! ನಾನು ಬ್ರಾಹ್ಮೀ ಲಿಪಿ, ಧರ್ಮ, ಅಹಿಂಸೆ ಅಂತ ಗಂಟಲು ಹರಿದುಕೊಳ್ಳುತ್ತಿದ್ದರೆ ಇವರು ಬಂಡೆಗೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿ, "ಇದು ಮಗ್ಗದ ಕಾರ್ಡ್ ಪಂಚಿಂಗ್ ಕಣ್ರೋ ಮಕ್ಕಳಾ! ಒಂದ್ಸಲ ಹೊಡೆದಿಟ್ರೆ ಎಷ್ಟು ವರ್ಷ ಆದ್ರೂ ಅದೇ ಡಿಸೈನು!" ಎಂದರು. ಪರೀಕ್ಷೆಯಲ್ಲಿ ನಾಲ್ಕು ಮಕ್ಕಳು ಹಾಗೆಯೇ ಬರೆದರು. ನಾನು ಅರ್ಧ ಅಂಕ ಕೊಟ್ಟೆ.

ಇಂಥವರ ಮನೆಗೆ ಲ್ಯಾಪ್‌ಟಾಪ್ ತಂದುಕೊಟ್ಟ ಪುಣ್ಯಾತ್ಮ ನಾನೇ. ಆದರೆ ಕೊಟ್ಟದ್ದು ಮಾವನಿಗಲ್ಲ, ಅತ್ತೆಗೆ.

ರೇಷ್ಮೆ ಸೀರೆಯ ಅಂಚು, ಸೆರಗು ನೇಯಬೇಕಾದರೆ ಮೊದಲು ಚೌಕುಳಿ ಕಾಗದದ ಮೇಲೆ ಒಂದೊಂದೇ ಚೌಕ ತುಂಬಿ ಚಿತ್ರ ಬಿಡಿಸಬೇಕು. ಅದು ಗ್ರಾಫು. ಆ ಗ್ರಾಫು ನೋಡಿಕೊಂಡು ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯಬೇಕು. ಅದು ಕಾರ್ಡು. ನೂರಾರು ಕಾರ್ಡುಗಳನ್ನು ದಾರದಲ್ಲಿ ಮಾಲೆಯಾಗಿ ಹೊಲಿದು ಮಗ್ಗದ ಮೇಲೆ ಏರಿಸಿದರೆ ಅವು ಒಂದೊಂದಾಗಿ ಸುತ್ತಿ ಬರುತ್ತ, ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಅಂತ ಹೇಳುತ್ತವೆ. ಮಾವನ ಮನೆಯಲ್ಲಿ ಗ್ರಾಫು ಬರೆಯುವವರು ಅತ್ತೆ, ನೇಯುವವರು ಮಾವ. ಅತ್ತೆ ಬರೆಯದ ಡಿಸೈನನ್ನು ಮಾವ ಇವತ್ತಿಗೂ ಮಗ್ಗಕ್ಕೆ ಏರಿಸಿಲ್ಲ.

ಹಾಳಾದ ಸಕ್ಕರೆ ಕಾಯಿಲೆ ಅತ್ತೆಯ ಬಲಗಣ್ಣನ್ನು ಮಂಜು ಮಾಡಿಬಿಟ್ಟಿತು. ಉಳಿದದ್ದು ಎಡಗಣ್ಣು ಒಂದೇ. ಕಾಗದದ ಸಾಸಿವೆ ಕಾಳಿನಂಥ ಚೌಕಗಳು ಅದಕ್ಕೆ ಕಾಣಿಸದಾದವು. ಆಗಲೇ ನಾನು ನನ್ನ ಹಳೇ ಲ್ಯಾಪ್‌ಟಾಪಿಗೆ ಡಿಸೈನಿನ ಸಾಫ್ಟ್‌ವೇರ್ ಹಾಕಿಸಿ ಕೊಟ್ಟದ್ದು. ಅದರಲ್ಲಿ ಒಂದೊಂದು ಚೌಕವನ್ನು ಒಬ್ಬಟ್ಟಿನಷ್ಟು ದೊಡ್ಡದು ಮಾಡಿಕೊಳ್ಳಬಹುದು. ಅತ್ತೆ ಒಂದೇ ವಾರದಲ್ಲಿ ಕಲಿತರು. ಸೀರೆಯ ಒಡಲಿಗೆ ಮೊದಲ ಬುಟ್ಟಾ ಹೂವು ಮುಗಿಸಿದ ದಿನ ನನಗೆ ಫೋನ್ ಮಾಡಿ, "ನಂಗೆ ಮತ್ತೆ ಕೈ ಬಂತು ಕಣಪ್ಪಾ" ಎಂದಿದ್ದರು.

ಮಾವನೂ ಸುಮ್ಮನಿರಲಿಲ್ಲ. ಲ್ಯಾಪ್‌ಟಾಪಿನ ಕೆಳಗೆ ಕಂಬಳಿ ಮಡಚಿ ಹಾಸಿದರು. "ತಣ್ಣನೆ ಕಲ್ಲಿನ ಮೇಲೆ ಇಟ್ರೆ ಅದಕ್ಕೆ ಶೀತ ಆಗಲ್ವೇನೋ?" ಎಂದು ನನ್ನನ್ನೇ ದಬಾಯಿಸಿದರು. ನಾನು ನಕ್ಕು ಸುಮ್ಮನಾದೆ. ಬಿಡಿಸಿ ಹೇಳಬೇಕಿತ್ತು.

ಹೀಗೆ ಎಷ್ಟೋ ವರ್ಷ ನಡೆಯಿತು. ಈ ವರ್ಷ ಅತ್ತೆ ಒಂದು ಹಂಸದ ಅಂಚು ಬರೆಯಲು ಕೂತರು. ಅರ್ಧ ಆಗಿತ್ತು. ಒಂದು ದಿನ ಅಡುಗೆಮನೆ ಕಡೆಯಿಂದ ಕೂಗಿದರು, "ಏನ್ರೀ, ಪರದೆ ಮೇಲೆ ಹಸಿರು ಗೆರೆ ಬರ್ತಾವೆ!"

ಗಾಬರಿಯಲ್ಲಿ ಅವರು ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿಬಿಟ್ಟಿದ್ದರು. ಮಾವ ಮಗ್ಗದ ಗುಂಡಿಯಿಂದ ಕಾಲು ಬಿಡಿಸಿಕೊಂಡು, ಪಂಚೆ ಸರಿಮಾಡಿಕೊಂಡು ಬಂದು ತೆರೆದು ನೋಡುವಷ್ಟರಲ್ಲಿ ಪರದೆ ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛ! ಮಾರನೆಯ ದಿನವೂ ಅದೇ ಕತೆ. ಅದರ ಮಾರನೆಯ ದಿನವೂ. ಗೆರೆ ಅತ್ತೆಗೆ ಮಾತ್ರ ಕಾಣುತ್ತಿತ್ತು, ಮಾವ ಬಂದರೆ ಮಾಯ.

ಕಣ್ಣಿನ ಡಾಕ್ಟರು ಮೊದಲೇ ಹೇಳಿದ್ದರು, "ಗೆರೆ, ಚುಕ್ಕಿ ಏನಾದರೂ ಕಂಡರೆ ಬಂದುಬಿಡಿ, ತಡ ಮಾಡಬೇಡಿ" ಅಂತ. ಆ ಮಾತು ಇಬ್ಬರಿಗೂ ನೆನಪಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಅತ್ತೆಯೇ ಮೆಲ್ಲಗೆ, "ಲ್ಯಾಪ್‌ಟಾಪ್ ಪಾಪ ಚೆನ್ನಾಗೇ ಐತೆ. ಗೆರೆ ನನ್ನ ಕಣ್ಣಾಗೇ ಇರ್ಬೇಕು ಬಿಡ್ರಿ" ಎಂದರಂತೆ. ಅವತ್ತು ಮಾವ ಕೂಗಾಡಿದ ಕೂಗಾಟಕ್ಕೆ ಪಕ್ಕದ ಮನೆಯ ಮಗ್ಗವೂ ನಿಂತುಹೋಯಿತಂತೆ.

ನಾನು ಫೋನಿನಲ್ಲಿ ಬೈದೆ. "ಮಾವಾ, ಮೊದ್ಲು ಕಣ್ಣು ತೋರ್ಸ್ರಿ!"

"ಡಾಕ್ಟರು ಊರಾಗಿಲ್ಲ, ಸೋಮವಾರ ಬರ್ತಾರೆ. ಹೆಸರು ಬರೆಸೀನಿ. ಶನಿವಾರ ಲ್ಯಾಪ್‌ಟಾಪ್ ತಗಂಡು ಬರ್ತೀನಿ. ಕೆಟ್ಟಿರೋದು ಅದೇ. ಅದೇ ಕಣೋ!"

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೋದರೆ ಮಾವ ಮದುವೆ ಸೀರೆಯ ಕೆಂಪು ಡಬ್ಬಿ ಎದೆಗೆ ಅವುಚಿಕೊಂಡು ಇಳಿದರು. ಒಳಗೆ ಲ್ಯಾಪ್‌ಟಾಪು. ಜೊತೆಗೆ ಎರಡು ನುಸಿಗುಳಿಗೆ!

ಮಾರ್ಕೆಟ್ಟಿನಲ್ಲಿ ನನಗೆ ಗೊತ್ತಿರುವ ರಿಪೇರಿ ಅಂಗಡಿ ಒಂದಿದೆ. ಅದರ ಯಜಮಾನರನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ. ನೆರೆತ ಗಡ್ಡ, ಹಣೆಗೆ ಏರಿಸಿದ ಕನ್ನಡಕ, ಮಾತು ಕಮ್ಮಿ. ಹಸಿರು ಗೆರೆಯ ಕತೆ ಕೇಳಿಕೊಂಡು, ಲ್ಯಾಪ್‌ಟಾಪನ್ನು ಗಾಜಿನ ಮೇಜಿನ ಮೇಲೆ, ಗಿರಗಿರ ಸುತ್ತುವ ಫ್ಯಾನಿನ ಕೆಳಗೆ ಇಟ್ಟು ಚಾಲೂ ಮಾಡಿದರು. ಅದನ್ನು ಒತ್ತಿದರು, ಇದನ್ನು ತೆರೆದರು, ಒಂದು ವಿಡಿಯೋ ಕೂಡ ಓಡಿಸಿದರು.

"ಯಜಮಾನ್ರೆ, ಏನೂ ಆಗಿಲ್ಲ. ಬಿಲ್ಕುಲ್ ಚೆನ್ನಾಗೈತೆ. ತಗಂಡು ಹೋಗಿ."

ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದು ಓಡುತ್ತಿದ್ದರು. ಮಾವನ ಮುಖ ಬಾಡಿಹೋಯಿತು.

"ಸರಿಯಾಗಿ ನೋಡ್ರಿ ಭಾಯ್. ಕೆಟ್ಟಿರ್ಬೇಕು."

"ಇಲ್ಲ ಅಂದ್ನಲ್ಲ."

"ಒಂಚೂರಾದ್ರೂ ಕೆಟ್ಟಿರ್ಬೇಕು ನೋಡ್ರಿ!"

ಭಾಯ್ ಹಣೆಯ ಕನ್ನಡಕವನ್ನು ಕಣ್ಣಿಗೆ ಇಳಿಸಿ ಮಾವನನ್ನು ಪರೀಕ್ಷೆ ಮಾಡಿದರು. "ಗೆರೆ ಬರ್ತಿದ್ರೆ ಗ್ರಾಫಿಕ್ಸ್ ಕಾರ್ಡ್ ಹೋಗಿರುತ್ತೆ. ಆದ್ರೆ ಗೆರೆನೇ ಇಲ್ವಲ್ಲ?"

ಮಾವ ಸ್ಟೂಲಿನಿಂದ ಎದ್ದು ನಿಂತರು. "ಏನಂದ್ರಿ? ಇನ್ನೊಂದ್ಸಲ ಹೇಳ್ರಿ?"

"ಗ್ರಾಫಿಕ್ಸ್ ಕಾರ್ಡ್."

"ಗ್ರಾಫು! ಕಾರ್ಡು!" ಮಾವ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಲೇ ಅಳಿಯಾ, ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ? ಗ್ರಾಫೂ ನಮ್ದೇ, ಕಾರ್ಡೂ ನಮ್ದೇ! ಇದೂ ಮಗ್ಗನೇ! ಬಿಚ್ಚಿ ಕೊಡ್ರಿ ಭಾಯ್. ತೂತು ತಪ್ಪಿದ್ರೆ ಕಾಗದ ಅಂಟಿಸ್ತೀನಿ, ಹರಿದಿದ್ರೆ ಹೊಲಿತೀನಿ. ಸೂಜಿ ನನ್ನ ಹತ್ರನೇ ಐತೆ!"

ನಿಜವಾಗಿಯೂ ಜೇಬಿನಿಂದ ಸೂಜಿ ತೆಗೆದರು ಸ್ವಾಮಿ! ನಾನು ಈ ಮನುಷ್ಯ ನನಗೆ ಪರಿಚಯವೇ ಇಲ್ಲ ಎನ್ನುವಂತೆ ಬೀದಿ ಕಡೆ ನೋಡತೊಡಗಿದೆ.

"ಯಜಮಾನ್ರೆ, ಅದು ಹೆಬ್ಬೆರಳು ಉಗುರಿನಷ್ಟು ಒಂದು ಚಿಪ್ಪು. ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಹೊಲಿಯೋಕೆ ಏನೂ ಇಲ್ಲ ಅದ್ರಾಗೆ."

"ಉಗುರಿನಷ್ಟ್ರಾಗೆ ಎಷ್ಟು ಕಾರ್ಡ್ ಹಿಡಿಸ್ಯಾರೆ?"

ಭಾಯ್ ಚಹಾ ತರಿಸಿದರು.

ಚಹಾ ಕುಡಿಯುತ್ತ ಮಾವ ಪಾಠ ಶುರುಮಾಡಿದರು. ಮಗ್ಗದಲ್ಲಿ ಒಂದು ಕಾರ್ಡು ಕೆಟ್ಟರೆ ಸೀರೆ ಪೂರ್ತಿ ಕೆಡುವುದಿಲ್ಲ. ಮಾಲೆ ಸುತ್ತಿ ಆ ಕಾರ್ಡಿನ ಸರದಿ ಬಂದಾಗ ಮಾತ್ರ ತಪ್ಪು ಕಾಣುತ್ತದೆ. ಆಮೇಲೆ ಮತ್ತೆ ಎಲ್ಲ ಸರಿ. ಇದೂ ಹಾಗೆಯೇ. "ಸರದಿ ಬರ್ಲಿ ತಡೀರಿ." ಸರಿ, ಕಾದೆವು. ಅತ್ತೆಯ ಹಂಸವನ್ನು ತೆರೆದಿಟ್ಟುಕೊಂಡು ಮೂವರೂ ಅದನ್ನೇ ನೋಡುತ್ತ ಕೂತೆವು. ಒಂದು ಗಂಟೆಯಾಯಿತು. ಭಾಯ್ ಊಟದ ಡಬ್ಬಿ ಬಿಚ್ಚಿ, ತಿಂದು, ಕೈ ತೊಳೆದು ಬಂದರು. ಹಂಸ ನೀಟಾಗಿ, ಒಂದು ಗರಿಯೂ ಅಲುಗದೆ ನಿಂತಿತ್ತು.

ಮಾವನ ಮಾತು ಕಮ್ಮಿಯಾಗುತ್ತ ಬಂತು. ಆಮೇಲೆ ನನ್ನ ಕಡೆ ತಿರುಗದೆಯೇ, "ಕಾರ್ಡು ಚೆನ್ನಾಗಿದ್ರೆ ಅಳಿಯಾ... ಅವಳ ಹತ್ರ ಇರೋದು ಒಂದೇ ಕಣ್ಣು ಕಣೋ" ಎಂದರು. ಅಲ್ಲಿಯವರೆಗೆ ತಮಾಷೆ ನೋಡುತ್ತಿದ್ದ ನಾನೂ ಮನಸ್ಸಿನಲ್ಲೇ ಬೇಡಿಕೊಳ್ಳತೊಡಗಿದೆ, ದೇವರೇ ಇದು ಕೆಟ್ಟಿರಲಿ, ಪೂರ್ತಿ ಹಾಳಾಗಿಹೋಗಿರಲಿ ಎಂದು.

ಇದ್ದಕ್ಕಿದ್ದಂತೆ ಮಾವ ಫ್ಯಾನಿನ ಕಡೆ ತಲೆ ಎತ್ತಿ ನೋಡಿದರು. "ಅಲ್ಲಾ, ಮಗ್ಗದ ತಪ್ಪು ಮಗ್ಗ ಇದ್ದ ಜಾಗದಾಗೇ ನೋಡ್ಬೇಕು. ಇಲ್ಲಿ ಇದಕ್ಕೆ ಮಹಾರಾಜನ ಉಪಚಾರ ನಡೀತೈತೆ!" ಎಂದವರೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಓಡಿದರು. ಹತ್ತು ನಿಮಿಷದಲ್ಲಿ ಹೊಸ ಕರೀ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ವಾಪಸ್ಸು. ಚಳ್ಳಕೆರೆಯಲ್ಲಿ ಕಂಬಳಿಗೇನು ಬರವೇ! ಕುರಿ ವಾಸನೆ ಅಂಗಡಿ ತುಂಬ ಹರಡಿತು. ಗಾಜಿನ ಮೇಜಿನ ಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಮೇಲೆ ಲ್ಯಾಪ್‌ಟಾಪ್ ಇಟ್ಟು, ಉಳಿದ ತುದಿಗಳನ್ನು ಎರಡೂ ಪಕ್ಕಕ್ಕೆ ಒತ್ತಿ, ಫ್ಯಾನ್ ಆರಿಸಿಬಿಟ್ಟರು. ಮೊಬೈಲ್ ಗಾಜು ಹಾಕಿಸಲು ಬಂದ ಹೆಂಗಸೊಬ್ಬರು, "ಅದಕ್ಕೇನು ಜ್ವರ ಬಂದೈತೇನ್ರಿ?" ಎಂದು ಕೇಳಿದರು.

"ಬರ್ಲಿ ಅಂತಾನೇ ಕಾಯ್ತಿದೀವಿ ತಾಯಿ!"

ಅತ್ತೆ ಮಾಡುವ ಹಾಗೆಯೇ ಹಂಸವನ್ನು ದೊಡ್ಡದು ಮಾಡು, ಚಿಕ್ಕದು ಮಾಡು, ಸೆರಗಿಗೆ ಹೋಗು, ಅಂಚಿಗೆ ಬಾ ಎಂದು ನನಗೆ ಹುಕುಂ ಆಯಿತು. ಮಾಡುತ್ತ ಹೋದೆ. ಲ್ಯಾಪ್‌ಟಾಪಿನ ಒಳಗಿನ ಫ್ಯಾನು ಹೋ ಎಂದು ಅರಚತೊಡಗಿತು. ನನ್ನ ಅಂಗೈ ಬಿಸಿಯಾಯಿತು. ನಾಲ್ವರೂ ಬೆವರುತ್ತಿದ್ದೆವು. ಯಾಕೆಂದರೆ ಆ ಹೆಂಗಸೂ ಹೋಗದೆ ಅಲ್ಲೇ ನಿಂತಿದ್ದರು.

ಅರ್ಧ ಗಂಟೆ ಕಳೆದಿರಬೇಕು. ಹಂಸದ ಕೊರಳಿಗೆ ಅಡ್ಡಲಾಗಿ ಒಂದು ಹಸಿರು ಗೆರೆ ಬಂತು. ಆಮೇಲೆ ಎರಡು. ಆಮೇಲೆ ಮೇಲಿಂದ ಕೆಳಕ್ಕೆ ಹಸಿರು, ಗುಲಾಬಿ, ಹಳದಿ, ಎಣಿಸಲಾರದಷ್ಟು! ಹಂಸ ಚೂರುಚೂರಾಗಿ ಪರದೆ ತುಂಬ ಚೆಲ್ಲಾಡಿತು. ಕೊನೆಗೆ ಎಲ್ಲವೂ ಕಪ್ಪು.

"ಪೋಯಿಂದಿ!" ಮಾವ ಕಿರುಚಿದರು. ಮನೆಮಾತು ತೆಲುಗು ನೋಡಿ, ಸಂತೋಷ ಉಕ್ಕಿದರೆ ಕನ್ನಡ ಬರುವುದಿಲ್ಲ. "ಪೋಯಿಂದಿ ಅಳಿಯಾ, ಪೋಯಿಂದಿ! ಹೋಯ್ತೋ, ಪೂರ್ತಿ ಹೋಯ್ತು!"

ಭಾಯ್ ಲ್ಯಾಪ್‌ಟಾಪನ್ನು ಮಗುಚಿ ತೋರಿಸಿದರು. "ನೋಡಿ, ಗಾಳಿ ಆಡೋ ತೂತೆಲ್ಲ ಇಲ್ಲಿ ಕೆಳಗೈತೆ. ಬಿಸಿ ಆದಾಗ ಕೆಡ್ತೈತೆ, ಆರಿದಾಗ ಸುಮ್ಮನಿರ್ತೈತೆ. ಇಷ್ಟು ವರ್ಷ ಕಂಬಳಿ ಹಾಸಿ ಹಾಸಿ ಈ ಗ್ರಾಫಿಕ್ಸ್ ಕಾರ್ಡ್‌ನ ಕೊಂದಿದ್ದು ನೀವೇ ಯಜಮಾನ್ರೆ."

"ನಾನೇನಾ?"

"ನೀವೇ."

"ಪಕ್ಕಾನಾ ಭಾಯ್?"

"ಪಕ್ಕಾ."

"ನಿಮ್ಮ ಬಾಯಿಗೆ ಸಕ್ಕರೆ ಹಾಕ!" ಎಂದು ಮಾವ ಅವರನ್ನು ತಬ್ಬಿಕೊಂಡರು. ಕೊಲೆ ಆರೋಪಕ್ಕೆ ಇಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ಇದು ಇನ್ನು ಏಳುವುದಿಲ್ಲ, ಡಿಸೈನೆಲ್ಲ ಭದ್ರವಾಗಿದೆ, ಬೇರೆ ಲ್ಯಾಪ್‌ಟಾಪಿಗೆ ಹಾಕಿಕೊಡುತ್ತೇನೆ ಎಂದು ಭಾಯ್ ಹೇಳುತ್ತಿದ್ದರೆ ಕೇಳುವವರು ಯಾರು? ಮಾವ ಆಗಲೇ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಫೋನ್ ಹಚ್ಚಿದ್ದರು. ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಗಂಡ ಹೆಂಡತಿ ಆಡಿದ್ದು ತೆಲುಗು, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

"ಏ ಇವಳೇ! ಗೆರೆ ನಿನ್ನ ಕಣ್ಣಾಗಿಲ್ಲ ಕಣೇ! ಲ್ಯಾಪ್‌ಟಾಪಿನಾಗೇ ಐತೆ! ನಾನೇ ನೋಡ್ದೆ. ಅಳಿಯ ನೋಡ್ದ, ಭಾಯ್ ನೋಡಿದ್ರು, ಯಾರೋ ತಾಯಿನೂ ನೋಡಿದ್ರು!"

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು.

"ಕೇಳಿಸ್ತೇನೇ? ಸೋಮವಾರ ಡಾಕ್ಟರಿಗೆ ತೋರ್ಸಾಣ, ಅದು ಬೇರೆ. ಆದ್ರೆ ಗೆರೆ ನಿಂದಲ್ಲ!"

"ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ನಿನ್ನಾಣೆ!"

ಅತ್ತೆ ಕೇಳಿದರು, "ಹಂಗಾದ್ರೆ ಆ ಹಗ್ಗ ಬಿಚ್ಚಿಬಿಡ್ಲಾ?"

"ಯಾವ ಹಗ್ಗ?"

"ಅಡಿಗೆ ಮನೆಯಿಂದ ಬಚ್ಚಲ ತನಕ ಕಟ್ಟೀನಲ್ಲ. ಬಟ್ಟೆ ಒಣಗಿಸೋಕೆ ಅಂತ ನಿಮಗೆ ಸುಳ್ಳು ಹೇಳಿದ್ದೆ. ನೀವು ಮಗ್ಗದಾಗಿದ್ದಾಗ ಕಣ್ಣು ಮುಚ್ಕೊಂಡು, ಅದನ್ನ ಹಿಡ್ಕೊಂಡು ಓಡಾಡೋದು ಕಲೀತಿದ್ದೆ. ಈಗೀಗ ಎಲ್ಲೂ ಎಡವಲ್ಲ."

ಜಗತ್ತಿನ ಯಾವ ಯಂತ್ರ ಕೆಟ್ಟರೂ ಉತ್ತರ ಇಟ್ಟುಕೊಂಡಿದ್ದ ನಮ್ಮ ಮಾವ ಮೆಟ್ಟಿಲ ಮೇಲೆ ಕುಸಿದು ಕೂತರು. ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತರು. ನನಗೂ ಅಳು ತಡೆಯಲಾಗಲಿಲ್ಲ. ಫೋನಿನಲ್ಲಿ ಅತ್ತೆ, "ಏನ್ರೀ? ಇದ್ದೀರಾ? ಬಿಚ್ಲಾ ಬ್ಯಾಡ್ವಾ?" ಎಂದು ಕೇಳುತ್ತಲೇ ಇದ್ದರು.

"ನೀನೊಬ್ಳೇ ಬಿಚ್ಬೇಡ," ಎಂದರು ಮಾವ. "ನಾನು ಬರ್ತೀನಿ. ಇಬ್ರೂ ಸೇರಿ ಬಿಚ್ಚಾಣ."