ಭಾವನ ಬರ್ನರು

ನಮ್ಮ ಭಾವನಷ್ಟು ಹೆದರುವ ಮನುಷ್ಯ ಇಡೀ ಐರ್ಲೆಂಡಿನಲ್ಲಿ ಇನ್ನೊಬ್ಬರಿಲ್ಲ. ಇದ್ದರೆ ಅದು ನಾನೇ! ಟೋಸ್ಟರಿನಿಂದ ಬ್ರೆಡ್ಡು ಹಾರಿದರೆ ಭಾವ ಹಿಂದಕ್ಕೆ ಹಾರುತ್ತಾರೆ. ಮನೆಯಿಂದ ಹೊರಡುವಾಗ ಒಲೆಯ ನಾಬುಗಳ ಫೋಟೊ ತೆಗೆದುಕೊಳ್ಳುತ್ತಾರೆ, ದಾರಿಯಲ್ಲಿ ಅನುಮಾನ ಬಂದರೆ ನೋಡಿಕೊಳ್ಳಲು. ನೋಡಿಕೊಂಡ ಮೇಲೆ ಈ ಫೋಟೊ ಇವತ್ತಿನದೋ ನಿನ್ನೆಯದೋ ಎಂದು ಹೊಸ ಅನುಮಾನ. ಇಂಥವರು ರಜೆಯ ದಿನ ಹಿತ್ತಿಲಲ್ಲಿ ಪ್ರೊಪೇನ್ ಬರ್ನರು ಹಚ್ಚಿ, ಹಂಡೆಯಂಥ ಪಾತ್ರೆ ಇಟ್ಟು ಬಿಯರ್ ಕಾಯಿಸುತ್ತಾರೆ ಎಂದರೆ ನಂಬುತ್ತೀರಾ? ನಂಬಿ. ಜೊತೆಗೆ ಇದನ್ನೂ ನಂಬಿ: ಅವರು ಕುಡಿಯುವುದಿಲ್ಲ!

ಭಾವ ವಾಟರ್‌ಫರ್ಡಿನ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಮುಂಚೆ ಜನರನ್ನು ಮಲಗಿಸುವುದು ಅವರ ಕೆಲಸ. ಅವರ ಹೆಂಡತಿ ನನ್ನ ಸ್ವಂತ ಅಕ್ಕ. ನಾನಿರುವುದು ಡಬ್ಲಿನ್ ಕಡೆಯ ಸಿಟಿವೆಸ್ಟಿನಲ್ಲಿ. ಶನಿವಾರ ಬಂತೆಂದರೆ ಬಸ್ಸು ಹತ್ತಿ ಅಕ್ಕನ ಕೈಯಡುಗೆ ಉಣ್ಣಲು ಹೋಗುತ್ತೇನೆ. ಹೋದ ತಪ್ಪಿಗೆ ನನಗೆ ಸಿಲಿಂಡರ್ ಕಾಯುವ ಕೆಲಸ.

ಈ ಹುಚ್ಚು ಹತ್ತಿಸಿದವರು ಪಕ್ಕದ ಮನೆಯ ಡೆಕ್ಲನ್. ಎಪ್ಪತ್ತು ದಾಟಿದ ಒಂಟಿ ಮನುಷ್ಯ. ಬದುಕಿಡೀ ಮನೆಯಲ್ಲೇ ಬಿಯರ್ ಮಾಡಿಕೊಂಡವರು. ಕೈ ನಡುಗತೊಡಗಿದ ಮೇಲೆ ಪಾತ್ರೆ, ಪೈಪು, ಬರ್ನರು ಎಲ್ಲವನ್ನೂ ಬೇಲಿಯ ಮೇಲಿಂದ ಭಾವನಿಗೆ ದಾಟಿಸಿಬಿಟ್ಟರು. ಆವತ್ತಿನಿಂದ ಭಾವ ಮಾಡುವುದು, ಡೆಕ್ಲನ್ ಆಚೆ ಕುರ್ಚಿ ಹಾಕಿಕೊಂಡು ಅಪ್ಪಣೆ ಕೊಡುವುದು. ಅಕ್ಕನಿಗೆ ಮಾತ್ರ ಇದು ಸುತರಾಂ ಇಷ್ಟವಿಲ್ಲ. ಊರಿಂದ ಅಮ್ಮ ವಿಡಿಯೊ ಕಾಲ್ ಮಾಡಿ, ಹಿಂದೆ ಹಬೆಯಾಡುವ ಹಂಡೆ ಕಂಡು, "ಅದೇನೇ ಅಷ್ಟು ದೊಡ್ಡದು?" ಎಂದರೆ, "ನಿನ್ನ ಅಳಿಯ ಕಷಾಯ ಮಾಡ್ತಿದಾರಮ್ಮ, ಇಲ್ಲಿ ಥಂಡಿ ಜಾಸ್ತಿ" ಅನ್ನುತ್ತಾಳೆ. ಪಾಪ, ಅಮ್ಮ ಈಗ ಬೀದಿಗೆಲ್ಲ ಅಳಿಯನ ಕಷಾಯದ ಗುಣಗಾನ ಮಾಡುತ್ತಿದ್ದಾರೆ.

ಹೋದ ಅಕ್ಟೋಬರಿನ ಒಂದು ಭಾನುವಾರ ಮಾತ್ರ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಡೆಕ್ಲನ್ನರ ಕರುಳಿನಲ್ಲಿ ಗಂಟು ಸಿಕ್ಕಿತ್ತು. ಮರುದಿನ ಬೆಳಗ್ಗೆ ಆಪರೇಷನ್, ಆ ಸಂಜೆಯೇ ಆಸ್ಪತ್ರೆ ಸೇರಬೇಕು. ಮಲಗಿಸುವವರು ಯಾರು? ನಮ್ಮ ಭಾವ! ಬೇರೆ ಡಾಕ್ಟರಿಗೆ ಬಿಟ್ಟುಕೊಡುತ್ತೇನೆಂದರೆ ಮುದುಕ ಒಪ್ಪಲೇ ಇಲ್ಲ. ಮೇಲಿಂದ ಒಂದು ಷರತ್ತು ಬೇರೆ: ತಾವು ಹೊರಡುವ ಮುಂಚೆ ಒಂದು ಹಂಡೆ ಬಿಯರ್ ಕುದಿದಿರಬೇಕು, ವಾಪಸ್ ಬರುವಷ್ಟರಲ್ಲಿ ಅದು ಹುದುಗಿ ಕುಡಿಯಲು ಸಿದ್ಧವಾಗಿರಬೇಕು. ಇಲ್ಲದಿದ್ದರೆ ಆಸ್ಪತ್ರೆಯ ಬಾಗಿಲು ದಾಟುವುದೇ ಇಲ್ಲವಂತೆ! ಭಾವನಿಗೋ ಆ ವಾರವೆಲ್ಲ ನಿದ್ದೆಯಿಲ್ಲ. ಚಪಾತಿ ಮುಂದಿಟ್ಟುಕೊಂಡು ಗೋಡೆ ನೋಡುತ್ತಾ ಕೂರುತ್ತಿದ್ದರು ಎಂದು ಅಕ್ಕ ಹೇಳಿದಳು.

ಅಂಥ ದಿನವೇ ಬರ್ನರು ಕೈಕೊಡಬೇಕೆ! ನೀಲಿಯಾಗಿ ಬುಸುಗುಡಬೇಕಾದ ಬೆಂಕಿ ಹಳದಿಯಾಗಿ, ದೇವರ ಮುಂದಿನ ದೀಪದ ಹಾಗೆ ಅಲ್ಲಾಡುತ್ತಿತ್ತು. ಹಂಡೆಯ ತಳವೆಲ್ಲ ಮಸಿ. ಎಷ್ಟು ಹೊತ್ತಾದರೂ ನೀರು ಸ್ನಾನದ ಬಿಸಿ ದಾಟಲಿಲ್ಲ.

"ಲೀಕ್ ಇರ್ಬೇಕು ಕಣೇ," ಎಂದರು ಭಾವ ನನ್ನ ಕಡೆ ತಿರುಗಿ. ಮುಖ ಬಿಳಿಚಿಕೊಂಡಿತ್ತು. ಬೆಂಕಿ ಆರಿಸಿ, ಸೋಪಿನ ನೊರೆ ಮಾಡಿ, ಪೈಪಿಗೂ ರೆಗ್ಯುಲೇಟರಿಗೂ ಬಳಿದು, ಗ್ಯಾಸು ತುಸುವೇ ಬಿಟ್ಟು, ಗುಳ್ಳೆ ಏಳುತ್ತದೋ ಎಂದು ಬಗ್ಗಿ ನೋಡಿದರು. ನಾನು ಒದ್ದೆ ಕಂಬಳಿ ಹಿಡಿದು ದೇವರ ನಾಮ ಹೇಳುತ್ತಾ ನಿಂತಿದ್ದೆ. ಗುಳ್ಳೆಯಿಲ್ಲ. "ಇನ್ನೊಂದ್ಸಲ" ಎಂದರು. ಆಗಲೂ ಇಲ್ಲ. "ಬೇರೆ ಸೋಪಲ್ಲಿ ನೋಡೋಣ" ಎಂದರು! ಅಕ್ಕನ ದುಬಾರಿ ಶಾಂಪೂ ಅರ್ಧ ಬಾಟಲಿ ಪೈಪಿನ ಪಾಲಾಯಿತು.

ಬೇಲಿಯಾಚೆಯಿಂದ ಡೆಕ್ಲನ್ ಕೂಗಿದರು. (ಅವರ ವಾಟರ್‌ಫರ್ಡ್ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಕೊಡುತ್ತಿದ್ದೇನೆ, ಅದರಲ್ಲಿ ಅರ್ಧ ನನ್ನ ಊಹೆ.) "ವಾಲ್ವ್ ರಪ್ಪಂತ ತೆಗೆದಿರ್ತೀಯ! ಹಾಗೆ ತೆಗೆದ್ರೆ ಎಲ್ಲೋ ಲೀಕಾಗಿದೆ ಅಂದ್ಕೊಂಡು ರೆಗ್ಯುಲೇಟರು ಗ್ಯಾಸ್ ತಡೆದುಬಿಡುತ್ತೆ. ನಿಧಾನಕ್ಕೆ ತೆಗಿಯಪ್ಪಾ."

ನಿಧಾನ ಎಂಬುದನ್ನು ನಮ್ಮ ಭಾವನಿಗೆ ಹೇಳಿಕೊಡಬೇಕೆ? ಕೂದಲೆಳೆಯಷ್ಟು ತಿರುಗಿಸಿ, ಕಿವಿಗೊಟ್ಟು ಕೇಳಿ, ಉಸಿರು ಬಿಟ್ಟು, ಮತ್ತೆ ಕೂದಲೆಳೆಯಷ್ಟು ತಿರುಗಿಸಿ... ನನಗೆ ಅಲ್ಲೇ ವಯಸ್ಸಾಯಿತು! ಬೆಂಕಿ ಮಾತ್ರ ಹಳದಿಯೇ.

"ಹಾಗಾದ್ರೆ ಜೇಡ. ಗಾಳಿ ಹೋಗೋ ಕೊಳವೆಯಲ್ಲಿ ಗೂಡು ಕಟ್ಟಿರುತ್ತೆ," ಎಂದರು ಡೆಕ್ಲನ್. ಭಾವನಿಗೆ ಜೇಡ ಎಂದರೂ ಭಯ. ನನಗೂ. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತೆವು. ಕೊನೆಗೆ ಅಕ್ಕ ಒಳಗಿಂದ ಬಾಟಲಿ ತೊಳೆಯುವ ಬ್ರಷ್ ತಂದು, ಸಿಲಿಂಡರ್ ಬಂದ್ ಮಾಡಿಸಿ, ಕೊಳವೆಗೆ ತೂರಿಸಿ ಎಳೆದಳು. ಜೇಡ ಬರಲಿಲ್ಲ. ಕೆಂಪು ಪುಡಿ ಉದುರಿತು.

"ತುಕ್ಕು," ಎಂದೆ ನಾನು.

ಅಕ್ಕ ಬೆರಳಿಗೆ ಹಚ್ಚಿಕೊಂಡು ಮೂಸಿದಳು. "ತುಕ್ಕಲ್ಲ ಕಣೇ, ಕುಂಕುಮ!"

ಭಾವ ನೆಲ ನೋಡತೊಡಗಿದರು. ಆಗಿದ್ದು ಇಷ್ಟೇ. ಆ ವಾರವೇ ಬಂದಿದ್ದ ಆಯುಧಪೂಜೆಯ ದಿನ ಕಾರು, ಹುಲ್ಲು ಕತ್ತರಿಸುವ ಯಂತ್ರ, ಲ್ಯಾಪ್‌ಟಾಪು ಎಲ್ಲಕ್ಕೂ ಒಂದೊಂದು ಬೊಟ್ಟು ಇಟ್ಟವರು, ಬರ್ನರಿಗೆ ಮಾತ್ರ ಅರಿಶಿನ ಕಲಸಿ ಧಾರಾಳವಾಗಿ ಬಳಿದು, ಮೇಲೆ ಕುಂಕುಮ ಸುರಿದಿದ್ದರು. ಗ್ಯಾಸು ಹೊರಬರುವ ಜೆಟ್ಟಿನ ತೂತು ಸೂಜಿಮೊನೆಯಷ್ಟು. ಅದರಲ್ಲಿ ಅರಿಶಿನ ಒಣಗಿ ಗಟ್ಟಿಯಾಗಿ ಕೂತಿತ್ತು.

"ಇದಕ್ಯಾಕ್ರೀ ಅಷ್ಟೊಂದು ಹಚ್ಚಿದ್ರಿ?" ಎಂದಳು ಅಕ್ಕ.

"ಭಯ ಆಯ್ತು ಕಣೇ. ಡೆಕ್ಲನ್ನರನ್ನ ಮಲಗಿಸೋ ಆಸ್ಪತ್ರೆ ಮಷೀನಿಗೆ ಹಚ್ಚೋಕಾಗಲ್ವಲ್ಲ. ಇದಕ್ಕಾದ್ರೂ ಹಚ್ಚೋಣ ಅಂತ..."

ಅಕ್ಕ ಜೆಟ್ಟು ಬಿಚ್ಚಿಸಿಕೊಂಡು ಬಿಸಿನೀರಿನಲ್ಲಿ ನೆನೆಹಾಕಿದಳು. ಭಾವ ಸೂಜಿ ತರಲು ಓಡಿದರೆ, "ಸೂಜಿ ಬೇಡ, ತೂತು ದೊಡ್ಡದಾಗುತ್ತೆ! ಊದು!" ಎಂದು ಆಚೆಯಿಂದ ಡೆಕ್ಲನ್ನರ ಬೈಗುಳ. ಊದಿದರು, ಮತ್ತೆ ನೆನೆಸಿದರು, ಮತ್ತೆ ಊದಿದರು. ವಿಷಯವೇನೆಂದು ನಾನು ಬೇಲಿಯ ಬಳಿ ಹೋಗಿ ಹೇಳಿದಾಗ ಡೆಕ್ಲನ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಡಾಕ್ಟರೇ, ನಾಳೆ ನನ್ನ ಮೂಗಿನ ಪೈಪಿಗೆ ಮಾತ್ರ ಇದನ್ನ ಹಚ್ಚಬೇಡಪ್ಪಾ!" ಭಾವ ನಗಲಿಲ್ಲ. ಜೆಟ್ಟು ಒರೆಸಿ, ಒಣಗಿಸಿ, ಜೋಡಿಸಿ, ಸೋಪು ಬಳಿದು ನೋಡಿ, ಕಡ್ಡಿ ಗೀರಿದರು. ಭುಸ್ಸೆಂದು ನೀಲಿ ಬೆಂಕಿ ಎದ್ದಿತು!

"ಗ್ರ್ಯಾಂಡ್!" ಎಂದರು ಡೆಕ್ಲನ್.

ಹಂಡೆ ಕುದಿಯತೊಡಗಿತು. ಭಾವ ಬಕೆಟ್ಟೊಂದನ್ನು ಬೋರಲು ಹಾಕಿ, ಗೋಡೆಗೊರಗಿ, ಬೆಂಕಿ ಕಾಯಲು ಕೂತರು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಬಾಯಿ ತೆರೆದು ಗೊರಕೆ! ಗ್ಯಾಸ್ ಉರಿಯುತ್ತಿರುವಾಗ, ಒಲೆಯ ಫೋಟೊ ತೆಗೆಯುವ ಮನುಷ್ಯ, ನಿದ್ದೆ! "ಭಾವಾ..." ಎಂದು ಬಾಯಿ ತೆರೆಯುವಷ್ಟರಲ್ಲಿ ಡೆಕ್ಲನ್ ಬೇಲಿಯಾಚೆಯಿಂದ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಹತ್ತಿರ ಹೋದೆ.

"ಎಬ್ಬಿಸ್ಬೇಡಮ್ಮ. ಬೆಂಕಿ ನೀನು ನೋಡ್ಕೋ. ಬಿಯರ್ ಯಾರಿಗೆ ಬೇಕಿತ್ತು? ಬೇಕಂದ್ರೆ ಮೂಲೆಗೊಂದು ಪಬ್ ಇದೆ. ಅವನ ರೂಮಿನ ಲೈಟು ವಾರದಿಂದ ಆರಿಲ್ಲ, ನನ್ನ ಕಿಟಕಿಗೆ ಕಾಣುತ್ತೆ. ಕೈಗೊಂದು ಕೆಲಸ ಕೊಟ್ರೆ ಸುಸ್ತಾಗಿ ಮಲಗ್ತಾನೆ ಅಂತ ಈ ನಾಟಕ ಆಡಿದೆ."

"ನಿಮಗೆ ಭಯ ಇಲ್ವಾ?" ಎಂದು ಕೇಳಿಬಿಟ್ಟೆ.

"ಇದೆ. ತುಂಬಾ ಇದೆ," ಎಂದರು. ಬೇಲಿಯ ಮೇಲಿದ್ದ ಅವರ ಕೈಯನ್ನು ನಾನು ಹಿಡಿದುಕೊಂಡೆ. ಒಂದು ಕಣ್ಣು ಬೆಂಕಿಯ ಮೇಲೆಯೇ ಇಟ್ಟಿದ್ದೆ ಅನ್ನಿ.

ಮರುದಿನ ಆಫೀಸಿನಲ್ಲಿ ನನ್ನ ಕೈಗೆ ಕೆಲಸ ಹತ್ತಲಿಲ್ಲ. ಮಧ್ಯಾಹ್ನ ಭಾವನ ಫೋನು ಬಂತು. ಎತ್ತಿದರೆ ಬರೀ ಬಿಕ್ಕಿ ಅಳುವ ಸದ್ದು. "ಭಾವ, ಏನಾಯ್ತು ಹೇಳಿ" ಎಂದೆ.

"ಕಣ್ಣು ಬಿಟ್ರು ಕಣೇ," ಎಂದರು ಕೊನೆಗೆ. "ಬಿಟ್ಟ ತಕ್ಷಣ ನನ್ನ ಕೈ ಹಿಡ್ಕೊಂಡು ಕೇಳ್ತಾರೆ, ನಿನ್ನೆ ಚೆನ್ನಾಗಿ ನಿದ್ದೆ ಬಂತೇನಪ್ಪಾ ಅಂತ."