ಇನ್ಸ್‌ಪೆಕ್ಟರು ಗೋಡೆಗೆ ಒರಗಿದ್ದು

"ಟಿಕೆಟ್ ಇಲ್ಲದವರ ಮುಖ ಮೂವತ್ತು ವರ್ಷ ನೋಡಿದೋನು ನಾನು. ಸಿಕ್ಕಿಬೀಳದ ಹಾಗೆ ಸುಳ್ಳು ಹೇಳೋದು ಹೇಗೆ ಅಂತ ನನಗೆ ಯಾರೂ ಕಲಿಸಬೇಕಾಗಿಲ್ಲ" ಎಂದು ನಿವೃತ್ತ ಬಸ್ ಚೆಕಿಂಗ್ ಇನ್ಸ್‌ಪೆಕ್ಟರು ಹೆಂಡತಿಯ ಎದುರು ಘೋಷಿಸಿದರು.

ವಿಷಯ ಇಷ್ಟೇ. ಹೆಂಡತಿಯ ಮಂಡಿ ಎರಡನೇ ಮಹಡಿಯ ಮೆಟ್ಟಿಲಿಗೆ ಶರಣಾಗಿತ್ತು. ಈ ಮನೆ ಮಾರಿದರಷ್ಟೇ ನೆಲಮಟ್ಟದ ಮನೆ ಕೊಳ್ಳುವ ಯೋಗ. ಆದರೆ ಬಚ್ಚಲಿನ ಪೈಪು ಒಳಗೊಳಗೇ ಸೋರಿ ಹಿಂದಿನ ಕೋಣೆಯ ಗೋಡೆ ಎದೆಮಟ್ಟಕ್ಕೆ ಒದ್ದೆಯಾಗಿತ್ತು.

"ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರೆ. ಇದ್ದದ್ದು ಇದ್ದಂಗೆ ಹೇಳಿಬಿಡಿ ರೀ" ಎಂದರು ಆಕೆ.

ಇವರು ಮರುದಿನ ಬೆಳಿಗ್ಗೆಯೇ ಪೇಂಟಿನ ಡಬ್ಬಿ ತಂದು ಬಳಿದರು. ಒದ್ದೆ ಗೋಡೆಯ ಮೇಲೆ ಪೇಂಟು ಒಣಗುವುದಿಲ್ಲ ಎಂಬ ಸಣ್ಣ ಸಂಗತಿಯನ್ನು ಬಸ್ ಇಲಾಖೆ ಅವರಿಗೆ ಕಲಿಸಿರಲಿಲ್ಲ.

ಸಂಜೆ ಮನೆ ನೋಡಲು ಒಬ್ಬ ಟೈಲರಮ್ಮ ಬಂದರು. ಅಷ್ಟರಲ್ಲಿ ಹೊಸ ಬಣ್ಣದೊಳಗಿಂದ ಹಳೆಯ ಕಲೆ ಇಣುಕತೊಡಗಿತ್ತು. ಇನ್ಸ್‌ಪೆಕ್ಟರು ಹಿಂದೆಮುಂದೆ ಯೋಚಿಸದೆ ಅದಕ್ಕೆ ಬೆನ್ನು ಕೊಟ್ಟು ಒರಗಿದರು.

"ಈ ರೂಮಲ್ಲಿ ಬಟ್ಟೆ ಇಡಬಹುದಾ ಸಾರ್? ತೇವ ಗೀವ ಇಲ್ಲ ತಾನೆ?"

ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುತ್ತಾನೆ, ಜೇಬು ತಡಕುತ್ತಾನೆ, ಸುಮ್ಮಸುಮ್ಮನೆ ನಗುತ್ತಾನೆ. ಇವರು ಮೂರನ್ನೂ ಮಾಡಲಿಲ್ಲ. ಕೈ ಇಳಿಬಿಟ್ಟು, ರೆಪ್ಪೆ ಬಡಿಯದೆ, ಟೈಲರಮ್ಮನನ್ನೇ ದುರುಗುಟ್ಟಿ ನೋಡುತ್ತ "ಮರುಭೂಮಿ" ಎಂದರು.

ಟೈಲರಮ್ಮ ಹೆದರಿ ಹೆಂಡತಿಯ ಕಡೆ ತಿರುಗಿದರು. "ಅಕ್ಕ, ಸಾರ್‌ಗೆ ಹುಷಾರಿಲ್ವಾ?"

"ಬೆಳಿಗ್ಗೆ ಚೆನ್ನಾಗೇ ಇದ್ರಮ್ಮ."

"ಬನ್ನಿ ಸಾರ್, ಸ್ವಲ್ಪ ಕೂತ್ಕೊಳ್ಳಿ." ಪಾಪ, ಕರುಣೆಯಿಂದ ಕೈ ಹಿಡಿದು ಎಳೆದರು. ಅಂಗಿ ಬರಲು ಒಪ್ಪಲಿಲ್ಲ. ಇನ್ನೊಮ್ಮೆ ಎಳೆದಾಗ ಚರ್ರನೆ ಬಂತು. ಅಂಗಿಯ ಜೊತೆ ಪೇಂಟು, ಪೇಂಟಿನ ಜೊತೆ ಅಂಗೈಯಗಲದ ಗಾರೆ.

ಹೆಂಡತಿ ಇನ್ನು ತಡಮಾಡಲಿಲ್ಲ. "ಬಚ್ಚಲಿನ ಪೈಪು ಸೋರುತ್ತಮ್ಮ, ಎರಡು ವರ್ಷ ಆಯ್ತು. ಇಲ್ಲಿ ಬಟ್ಟೆ ಇಟ್ರೆ ಬೂಷ್ಟು ಹಿಡಿಯುತ್ತೆ."

ಇನ್ಸ್‌ಪೆಕ್ಟರಿಗೆ ವ್ಯಾಪಾರವೂ ಹೋಯಿತು, ಇವಳ ಮಂಡಿಯೂ ಹೋಯಿತು ಎಂದು ನಿಜಕ್ಕೂ ಸಂಕಟವಾಯಿತು.

ಟೈಲರಮ್ಮ ಗೋಡೆ ನೋಡಿದರು, ಅಂಗಿಯ ಬೆನ್ನು ನೋಡಿದರು. "ಪೈಪು ಹೊಸದು ಹಾಕಿಸಿಕೊಡಿ, ಮನೆ ತಗೋತೀನಿ. ಇಷ್ಟು ಬಿಚ್ಚಿ ಹೇಳಿದ್ರಲ್ಲ ಅಕ್ಕ, ಉಳಿದದ್ದನ್ನೂ ನಂಬ್ತೀನಿ. ಆದ್ರೆ ಇನ್ಮೇಲೆ ಮಾತುಕತೆ ನಿಮ್ಮ ಹತ್ರ ಮಾತ್ರ."

ಮುಂದಿನ ವಾರ ದಂಪತಿ ನೆಲಮಟ್ಟದ ಮನೆಯೊಂದನ್ನು ನೋಡಿ ಬಂದರು. ದಾರಿಯಲ್ಲಿ ಇನ್ಸ್‌ಪೆಕ್ಟರಿಗೆ ಹಳೆಯ ಹುರುಪು ಮರಳಿತ್ತು.

"ಮನೆ ಯಜಮಾನ ಅಪ್ಪಟ ಪ್ರಾಮಾಣಿಕ ಕಣೇ. ಅರ್ಧ ಗಂಟೆ ಮಾತಾಡಿದ್ರೂ ಒಂದ್ಸಲ ಕಣ್ಣು ಮಿಟುಕಿಸಲಿಲ್ಲ."

"ಹೌದು," ಎಂದರು ಹೆಂಡತಿ. "ಒರಗಿದ ಗೋಡೆ ಬಿಟ್ಟು ಅಲ್ಲಾಡಲೂ ಇಲ್ಲ."