ಪೆಸಮಿನೊನ ಬೆರಳು

ಪೆಸಮಿನೊಗೆ ಜ್ವರ ಬಂದದ್ದು ದೊಡ್ಡ ವಿಷಯವಲ್ಲ, ಅಂಗಳದಲ್ಲಿ ನಿಂತು ಕೆಮ್ಮಿದ್ದೇ ತಪ್ಪಾಯಿತು. ಸಮೋವಾದ ಆ ಹಳ್ಳಿಯ ಮನೆಗಳಿಗೆ ಗೋಡೆಯೇ ಇಲ್ಲ, ಗುಟ್ಟು ಎಲ್ಲಿ ನಿಲ್ಲಬೇಕು! ಪಕ್ಕದ ಮನೆಯ ಫಿಲೊಮೇನತ್ತೆ ಬೀಸಣಿಗೆ ಹಿಡಿದು ಹಾಜರಾದಳು. ಊರಿನ ಆರೋಗ್ಯವೆಲ್ಲ ಮಹಿಳಾ ಸಮಿತಿಯ ಕೈಯಲ್ಲಿ, ಸಮಿತಿ ಈಕೆಯ ಕೈಯಲ್ಲಿ.

"ಗಂಟಲು ಕೆಂಪಗಿದೆ. ಸೊಂಟಕ್ಕೊಂದು ಇಂಜೆಕ್ಷನ್ ಬಿದ್ರೆ ಸರಿಹೋಗ್ತಾನೆ."

ಪೆಸಮಿನೊ ಚಾಪೆಯ ಮೇಲೆ ದಡಕ್ಕನೆ ಎದ್ದು ಕೂತ. ಸೊಂಟದಿಂದ ಮೊಣಕಾಲಿನವರೆಗೆ ಹಚ್ಚೆ ಹಾಕಿಸಿಕೊಂಡ ಗಂಡಸು ಅವನು; ಅಲ್ಲಿ ಅದು ಧೈರ್ಯಕ್ಕೂ ಊರ ಸೇವೆಗೂ ಗುರುತು. ಹಚ್ಚೆಯ ಮೊನೆಗಳನ್ನು ದಿನಗಟ್ಟಲೆ ಬಡಿದು ಬಡಿದು ಚುಚ್ಚಿದರೂ ತುಟಿಪಿಟಕ್ಕೆಂದಿರಲಿಲ್ಲ. ಇಂಜೆಕ್ಷನ್ ಎಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು.

"ಹಚ್ಚೆಯೋನು ಹೇಳಿ ಚುಚ್ತಾನೆ ಅತ್ತೆ. ಇದು ಹಿಂದಿನಿಂದ ಬರುತ್ತೆ!"

"ಹಾಗಾದ್ರೆ ಇದನ್ನ ನುಂಗು." ಮೊಮ್ಮಗಳು ತಿಂದು ಉಳಿಸಿದ್ದ ಮಾತ್ರೆಗಳನ್ನು ಅತ್ತೆ ಚಾಚಿದಳು.

"ಅದ್ಯಾವ ಕಾಯಿಲೆದೋ ಏನೋ!" ಎಂದು ಹೆಂಡತಿ ಮಲಿಯಾ ಗಂಡನನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ಅತ್ತೆ ಬಿಟ್ಟಾಳೆಯೇ? ಮಾತ್ರೆ ಹಿಡಿದುಕೊಂಡೇ ಹಿಂದೆ ಹೊರಟಳು.

ನರ್ಸ್ ಪೆಪೆ ಹೊಸದಾಗಿ ಬಂದಿದ್ದ, ರಕ್ತ ಪರೀಕ್ಷೆ ಮಾಡುವ ಪುಟ್ಟ ಡಬ್ಬಿಯೊಂದನ್ನು ತೆಗೆದಳು. "ಬೆರಳಿಂದ ಒಂದು ಹನಿ ಸಾಕಣ್ಣ. ಬ್ಯಾಕ್ಟೀರಿಯಾ ಹೊಕ್ಕಿದ್ರೆ ರಕ್ತದಲ್ಲಿ ಒಂದು ಅಂಶ ಏರುತ್ತೆ, ವೈರಸ್ ಆದ್ರೆ ಇನ್ನೊಂದು. ಬ್ಯಾಕ್ಟೀರಿಯಾ ಆದ್ರೆ ಮಾತ್ರ ಇಂಜೆಕ್ಷನ್."

ಬೆರಳಿಗೆ ಚುಚ್ಚಿದಾಗ ಪೆಸಮಿನೊ ಕಿರುಚಿದ ರಭಸಕ್ಕೆ ಹೊರಗಿನ ಕೋಳಿಗಳು ಹಾರಿ ಮರ ಹತ್ತಿದವು. ಆಮೇಲೆ ಡಬ್ಬಿಯನ್ನೇ ನೋಡುತ್ತ, ಗೊತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಹೇಳಿ ಮುಗಿಸಿದ.

"ವೈರಸ್ಸು!" ಎಂದಳು ಪೆಪೆ. "ಇಂಜೆಕ್ಷನ್ನೂ ಬೇಡ, ಆ ಮಾತ್ರೆಯೂ ಬೇಡ. ಎಳನೀರು ಕುಡಿದು ಮಲಗಿ."

ಪೆಸಮಿನೊ ಡಬ್ಬಿಗೆ ಮುತ್ತಿಡಲು ಹೋದ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದರದೇ ಗುಣಗಾನ. "ಎಂಥ ಡಬ್ಬಿ ಮಾರಾಯ್ತಿ! ಹೆತ್ತಮ್ಮನಿಗೂ ನನ್ನೊಳಗೇನಿದೆ ಅಂತ ಇಷ್ಟು ಬೇಗ ಗೊತ್ತಾಗ್ತಿರ್ಲಿಲ್ಲ. ಚುಚ್ಚಿದ್ದೇ ಗೊತ್ತಾಗ್ಲಿಲ್ಲ! ಊರಲ್ಲಿ ಪ್ರತಿಯೊಬ್ರೂ ನೋಡ್ಬೇಕು!"

ಚುಚ್ಚಿದ್ದೇ ಗೊತ್ತಾಗಲಿಲ್ಲ ಎಂಬ ಸುಳ್ಳೊಂದು ಬಿಟ್ಟರೆ ಉಳಿದದ್ದೆಲ್ಲ ನಿಜವೇ ಅನ್ನಿ. ಒಂದು ಹನಿ ನೆತ್ತರಲ್ಲಿ ಒಳಗೆ ನುಗ್ಗಿದ ಕಳ್ಳ ಯಾರೆಂದು ಹೇಳುವುದು ಸಾಮಾನ್ಯವೇ? ಫಿಲೊಮೇನತ್ತೆಯಂಥವಳೂ ಮಾತ್ರೆಗಳನ್ನು ಪೆಪೆಗೆ ಕೊಟ್ಟು ಬರಲು ಅರ್ಧ ದಾರಿಯಿಂದಲೇ ಹಿಂದಿರುಗಿದಳು.

ಸಂಜೆ ಅತ್ತೆ ಪೆಪೆಯನ್ನು ಕರೆದುಕೊಂಡು ಬಂದಳು.

"ಊರೆಲ್ಲ ನೋಡ್ಬೇಕು ಅಂದ್ಯಲ್ಲ, ಸಮಿತಿ ಒಪ್ಪಿದೆ ಕಣೋ. ಆದ್ರೆ ಜನಕ್ಕೆ ಸೂಜಿ ಭಯ. ನೀನು ಹುಷಾರಾದ ಮೇಲೆ ಪೆಪೆ ಜೊತೆ ಮನೆಮನೆಗೂ ಹೋಗು. ಎಲ್ರ ಮುಂದೆ ಮೊದಲು ನಿನ್ನ ಬೆರಳು ಚುಚ್ಚಿಸ್ಕೊಂಡು ತೋರಿಸು."

"ನಾನಾ?!"

"ಚುಚ್ಚಿದ್ದೇ ಗೊತ್ತಾಗ್ಲಿಲ್ಲ ಅಂದೋನು ನೀನೇ ಅಲ್ವಾ? ಹಚ್ಚೆ ಹಾಕಿಸ್ಕೊಂಡ ಗಂಡಸು ಊರ ಸೇವೆಗೆ ಇಲ್ಲ ಅನ್ನೋದುಂಟಾ?"

ಪೆಸಮಿನೊ ತನ್ನ ಹತ್ತು ಬೆರಳುಗಳನ್ನು ನೋಡಿಕೊಂಡ. ಊರಿನ ಮನೆಗಳನ್ನು ನೆನೆಸಿಕೊಂಡ. ಅಳು ಬಂತು.

"ಪೆಪೆ, ಆ ಇಂಜೆಕ್ಷನ್ ಒಂದೇ ಸಲ ತಾನೇ? ಅದನ್ನೇ ಕೊಟ್ಟು ನನ್ನನ್ನ ಬಿಟ್ಟುಬಿಡು ತಾಯಿ!"

"ಅಯ್ಯೋ, ವೈರಸ್ಸಿಗೆ ಇಂಜೆಕ್ಷನ್ ಕೊಡೋ ಹಾಗಿಲ್ಲ ಅಣ್ಣ," ಎಂದಳು ಪೆಪೆ.